ತುಪ್ಪಳ ಬಂದ ಬಂದೂಕು

ನಮ್ಮ ಮನೆಯ ಬಂದೂಕಿಗೆ ತುಪ್ಪಳ ಬಂದಿತ್ತು.

ಸುಳ್ಳಲ್ಲ. ಸಂಜೆ ಅದರ ಕಟ್ಟಿಗೆಗೆ ಚೆನ್ನಾಗಿ ಎಣ್ಣೆ ಕುಡಿಸಿ, ಧೂಳು ಕೂರಬಾರದೆಂದು ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದೆ. ಬೆಳಿಗ್ಗೆ ಬಿಚ್ಚಿದರೆ ಕಂಬಳಿ ಬಿಡಲೊಲ್ಲದು. ಎಳೆದೆ. ಕಂಬಳಿ ಬಂತು, ಅದರ ಕೂದಲೆಲ್ಲ ಕಟ್ಟಿಗೆಯ ಮೇಲೇ ಉಳಿಯಿತು. ಕರಿ ತುಪ್ಪಳ, ನಡುನಡುವೆ ಬಿಳಿ. ಆಗಷ್ಟೇ ಹುಟ್ಟಿದ ಕುರಿಮರಿಯ ಹಾಗೆ. ನಾಲ್ಕು ಕಾಲು ಇದ್ದಿದ್ದರೆ ಯಾವುದಾದರೂ ತಾಯಿಗೆ ಬಿಡಬಹುದಿತ್ತು.

ಅದೇ ಹೊತ್ತಿಗೆ ಭಾವನವರು ಬರಬೇಕೆ?

ಭಾವನವರು ಅಂದರೆ ನನ್ನ ಗಂಡನ ಅಣ್ಣ. ಪಕ್ಕದ ಮನೆ, ಅಂಗಳ ಒಂದೇ. ಬಂದರು, ನಿಂತರು, ಬಂದೂಕು ನೋಡಿದರು. ಆಮೇಲೆ ಬೇವಿನ ಮರಕ್ಕೆ ಕಟ್ಟಿದ್ದ ಆಡಿನ ಕಡೆ ತಿರುಗಿ ಕೇಳಿದರು:

“ಏ ಕೆಂಪಿ, ಈ ಮನ್ಯಾಗ ಬಂದೂಕ ಮರಿ ಹಾಕ್ಯದೇನ?”

ಆಡನ್ನು ಯಾಕೆ ಕೇಳಿದರು ಅನ್ನುತ್ತೀರಾ? ನಮ್ಮಲ್ಲಿ ಗಂಡನ ಅಣ್ಣನ ಜೊತೆ ನೇರ ಮಾತಾಡುವ ಪದ್ಧತಿ ಇಲ್ಲ. ಸೆರಗು ಹೊದ್ದು ಪಕ್ಕಕ್ಕೆ ಸರಿಯಬೇಕು. ಆದರೆ ಒಂದೇ ಅಂಗಳದಲ್ಲಿ ಬದುಕುವವರಿಗೆ ಮಾತು ಬೇಡವೆ? ನಳಕ್ಕೆ ನೀರು ಬಂತು, ಎಮ್ಮೆ ಬಿಚ್ಚಿಕೊಂಡಿತು, ಊರ ಲೆಕ್ಕ ಬರೆಯುವ ತಲಾಠಿ ಬಂದ ಎಂದು ಹೇಳಬೇಕಲ್ಲ. ಹಾಗಾಗಿ ಇಬ್ಬರೂ ಆಡಿಗೆ ಹೇಳುತ್ತೇವೆ. ನಾನು ಮದುವೆಯಾಗಿ ಬಂದಾಗಿನಿಂದ ಇದೇ ನಡೆದಿದೆ. ಎಷ್ಟೋ ಆಡುಗಳು ನಮ್ಮಿಬ್ಬರ ಜಗಳ ಕೇಳಿ ಕೇಳಿ ಮುದಿಯಾಗಿ ಸತ್ತಿವೆ. (ಈಗಿನ ಕೆಂಪಿ ಚಲೋ ಆಡು. ಮಾತಿನ ನಡುವೆ ಬಾಯಿ ಹಾಕುವುದಿಲ್ಲ.)

“ಕೆಂಪಿ, ಎಣ್ಣಿ ಆರಿಲ್ಲ ಅಂತ ಹೇಳು,” ಅಂದೆ.

“ಯಾವ ಎಣ್ಣಿ ಅಂತ ಕೇಳು.”

“ಅಗಸಿ ಎಣ್ಣಿ.”

“ಅಗಸಿ ಹಿಂಡಿ ಕುಟ್ಟಿ ರೊಟ್ಟಿಗಿ ಹಚ್ಚೂದು ಬಿಟ್ಟು ಬಂದೂಕಿಗಿ ಯಾಕ ಹಚ್ಯಾಳ ಕೇಳು. ಬಂದೂಕ ಏನ್ ರೊಟ್ಟಿ ಅದ ಏನ?”

ಅವರಿಗೆ ನಗು ಬಂದಿತ್ತು. ಮೀಸೆ ಅಲುಗುತ್ತಿತ್ತು. ಆಮೇಲೆ ಆ ನಗು ನಿಂತಿತು, ಅದನ್ನು ಮುಂದೆ ಹೇಳುತ್ತೇನೆ. ಮೊದಲು ಬಂದೂಕಿನ ವಿಷಯ.

ಅದು ನಮ್ಮವರದು. ಮಿಲಿಟ್ರಿಯಿಂದ ಪೆನ್ಶನ್ ಆಗಿ ಬಂದ ಮೇಲೆ ಲೈಸೆನ್ಸ್ ಮಾಡಿಸಿ ತಂದ ರೈಫಲ್. ಆಳು ಎತ್ತರ ಇದ್ದರು, ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳುವಷ್ಟು. ಅವರ ಕೈಯಲ್ಲಿ ಬಂದೂಕು ಬೆತ್ತದ ಹಾಗೆ ಕಾಣುತ್ತಿತ್ತು. ಅವರು ಹೋದ ಮೇಲೆ ಅದು ಗೋಡೆ ಹಿಡಿಯಿತು. ದಸರೆಯ ಖಂಡೆನವಮಿಗೆ ಕೆಳಗಿಳಿಯುವುದು, ಕುಡಗೋಲು, ಕೊಡಲಿ, ಕುರಿ ಕತ್ತರಿ ಜೊತೆ ಸಾಲಾಗಿ ಮಲಗುವುದು, ಭಾವನವರು ಎಣ್ಣೆ ಸವರಿ, ಭಂಡಾರದ ಅರಿಶಿನ ಹಾಕಿ, ಕುಂಕುಮ ಹಚ್ಚುವುದು, ಮತ್ತೆ ಗೋಡೆ. ವರ್ಷಕ್ಕೊಂದು ಪದರು. ಒಂದು ಸಲ ನನ್ನ ಮಗ ಮಲ್ಲೇಶಿ ಕಿಟಕಿಗೆ ಹಚ್ಚಿ ಉಳಿದ ವಾರ್ನಿಶನ್ನೂ ಅದರ ಮೇಲೆ ಬಳಿದ. ಕಟ್ಟಿಗೆ ಯಾವ ಬಣ್ಣದ್ದು ಎಂದು ಕೇಳಿದರೆ ಹೇಳುವವರಿರಲಿಲ್ಲ. ದೇವರ ಗುಡಿಯ ದೀಪದ ಕಂಬದ ಹಾಗೆ ಜಿಡ್ಡು.

ಲೈಸೆನ್ಸ್ ಈಗ ಸೊಸೆ ಶೋಭಾಳ ಹೆಸರಲ್ಲಿದೆ. ಮಗನ ಹೆಸರಲ್ಲಿ ಯಾಕಿಲ್ಲ? ಅರ್ಜಿ ಕೊಡಲು ಹೋದಾಗ ಸಾಹೇಬರು ಕೇಳಿದರಂತೆ, ವರ್ಷದಲ್ಲಿ ಮನೆಯಲ್ಲಿ ಎಷ್ಟು ದಿವಸ ಇರುತ್ತೀ ಎಂದು. ಇವನು ನಿಜ ಹೇಳಿದ. ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೊಳೆ ಕಡೆ ಹೋದರೆ ಬೇಸಿಗೆಯವರೆಗೆ ಮನೆ ಮುಖ ನೋಡುವುದಿಲ್ಲ. ಹಾಗಾದರೆ ಮನೆಯಲ್ಲಿ ಇರುವವರ ಹೆಸರು ಹೇಳಪ್ಪ ಅಂದರು. ಹೇಳಿದ. ಆಫೀಸಿನಲ್ಲಿ ಇಂಥ ಬುದ್ಧಿವಂತರೂ ಇರುತ್ತಾರೆ, ನಂಬಿ.

ಮಗ ಹೋಗುವಾಗ ನಡೆಯಲಾರದ ಸಣ್ಣ ಮರಿಗಳನ್ನೂ ಬಾಣಂತಿ ಕುರಿಗಳನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಅವುಗಳ ವಾಸನೆ ತೋಳಕ್ಕೆ ಗೊತ್ತು. ಹೋದ ಚಳಿಗಾಲ ಒಂದು ನಸುಕಿನಲ್ಲಿ ಬಂತು. ಶೋಭಾ ಬಂದೂಕು ತಂದಳು. ತೋಳಕ್ಕೆ ಹೊಡೆಯಲು ಅಲ್ಲ, ಹೊಡೆದರೆ ಕೇಸು. ಮಣ್ಣಿನ ಒಡ್ಡಿಗೆ ಒಂದು ಗುಂಡು ಹಾರಿಸಿದರೆ ಸಪ್ಪಳಕ್ಕೆ ಓಡುತ್ತದೆ, ನಮ್ಮವರು ಮಾಡುತ್ತಿದ್ದುದೂ ಅಷ್ಟೇ. ಇವಳು ಹಾರಿಸಿದಳು. ಬಂದೂಕಿನ ಹಿಂಬದಿಯ ಕಟ್ಟಿಗೆ (ನಮ್ಮವರು ಅದಕ್ಕೆ ಬಟ್ ಅನ್ನುತ್ತಿದ್ದರು) ಭುಜ ಬಿಟ್ಟು ಜಾರಿ ದವಡೆಗೆ ಬಡಿಯಿತು. ಹಲ್ಲು ಸೀಳಿತು. ಬಾಯಿ ಹಿಡಿದುಕೊಂಡು ಕುಂತಳು. ತೋಳ ಸಪ್ಪಳಕ್ಕೆ ಒಮ್ಮೆ ಹಿಂದೆ ಸರಿದದ್ದು, ಎರಡನೆಯ ಸಪ್ಪಳ ಇಲ್ಲವೆಂದು ಗೊತ್ತಾಗಿ ತಿರುಗಿ ಬಂದು ಎರಡು ಮರಿ ಕಚ್ಚಿಕೊಂಡು ಹೋಯಿತು.

ಅಂದಿನಿಂದ ಬಂದೂಕು ಕಂಡರೆ ಅವಳ ಕೈ ದವಡೆಗೆ ಹೋಗುತ್ತಿತ್ತು.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಗ ಗುನುಗಲು ಶುರು ಮಾಡಿದ. “ಅವ್ವಾ, ಈ ಸಲ ಹೋಗ್ಲೋ ಬ್ಯಾಡೋ? ಕುರಿ ಒಯ್ಯಲಿಲ್ಲಂದ್ರ ಮೇವಿಲ್ಲ. ಒಯ್ದ್ರ ಇಲ್ಲಿ ಮರಿ ಉಳಿಯಂಗಿಲ್ಲ.” ದೊಡ್ಡ ಹಿಂಡೋ ಸಣ್ಣ ಮರಿಯೋ, ಎರಡರಲ್ಲಿ ಒಂದು. ಶೋಭಾ ಕೇಳಿಸಿಕೊಂಡಳು. ಮರುದಿನ ನನ್ನ ಹತ್ತಿರ ಬಂದು ಅಂದಳು: “ಅತ್ತೀ, ಅದು ಜಿಡ್ಡಿಗಿ ಜಾರ್ತದ್ರಿ. ಎಲ್ಲಾ ತಗದು ಹೊಸಾ ಪಾಲಿಶ್ ಮಾಡೂಣು.”

ನನಗೂ ಖರೇ ಅನ್ನಿಸಿತು. ವರ್ಷಗಟ್ಟಲೆ ಎಣ್ಣೆ ಕುಡಿದದ್ದು ಜಾರದೆ ಇನ್ನೇನು ಮಾಡುತ್ತದೆ?

ಕೆಳಗಿನ ಸ್ಕ್ರೂ ಬಿಚ್ಚಿದರೆ ನಳಿಗೆ ಬೇರೆ, ಕಟ್ಟಿಗೆ ಬೇರೆ. ಅದು ಅವಳಿಗೆ ಬರುತ್ತದೆ. ನಳಿಗೆ, ಗುಂಡು ಎಲ್ಲ ತಿಜೋರಿಗೆ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಟ್ಟಿಗೆ ನನ್ನ ತೊಡೆಯ ಮೇಲೆ ಬಂತು. ಒಡೆದ ಕಿಟಕಿ ಗಾಜಿನ ಚೂರು ತೆಗೆದುಕೊಂಡು ಹೆರೆಯುತ್ತಾ ಕುಂತೆ. ಮೊದಲು ವಾರ್ನಿಶ್ ಬಂತು, ಹಪ್ಪಳದ ಹಾಗೆ. ಆಮೇಲೆ ಕೆಂಪು, ಹಳದಿ, ಕಪ್ಪು. ನಮ್ಮ ಮನೆಯ ಎಲ್ಲ ದಸರೆಗಳು ಮೊರದಲ್ಲಿ ಬಿದ್ದವು. ಗುಡಿಸಿ ತಿಪ್ಪೆಗೆ ಹಾಕಿದೆ.

ಶೋಭಾ ಫೋನಿನಲ್ಲಿ ವಿಡಿಯೊ ಹಚ್ಚಿಕೊಂಡು ಕುಂತಿದ್ದಳು. ಯಾರೋ ಕೆಂಪು ಗಡ್ಡದ ಪರದೇಶದವನು. ಅವನ ಭಾಷೆ ನಮಗಿಬ್ಬರಿಗೂ ಬರುವುದಿಲ್ಲ, ಕೈ ನೋಡಿದರೆ ಸಾಕು.

“ಅತ್ತೀ, ನೋಡ್ರಿಲ್ಲಿ. ಎಣ್ಣಿ ತೆಳ್ಳಗ ಹಚ್ಚಿ, ಹಚ್ಚಿದ್ದು ಮತ್ತ ವರಸಿ ತಗೀತಾನ.”

“ವರಸಿ ತಗಿಯೂದಿದ್ರ ಹಚ್ಚೂದ್ಯಾಕ? ಗಡ್ಡಕ್ಕ ಹಚ್ಕೊಳ್ಳಿಕ್ಕ ಉಳಸ್ತಾನೇನೋ. ಎಣ್ಣಿಗಿ ಕಂಜೂಸತನ ಮಾಡಬಾರದು.”

ಉಮದಿ ಸಂತೆಯಿಂದ ತರಿಸಿದ ಗಾಣದ ಎಣ್ಣೆ ಸುರಿದೆ. ಕಟ್ಟಿಗೆ ಕುಡಿದಷ್ಟು ಕುಡಿಯಿತು, ಕುಡಿಯದ್ದು ಮೇಲೇ ನಿಂತಿತು. ಕಂಬಳಿ ಸುತ್ತಿದೆ. ಮುಂದಿನದು ನಿಮಗೆ ಗೊತ್ತು.

ಮತ್ತೆ ಹೆರೆದೆವು. ತುಪ್ಪಳ ಸಮೇತ. (ಗಡ್ಡದವನ ಬಗ್ಗೆ ನಾನು ಏನೂ ಮಾತಾಡಲಿಲ್ಲ. ಶೋಭಾಳೂ ಮಾತಾಡಲಿಲ್ಲ. ಒಳ್ಳೆಯ ಸೊಸೆ.) ಕಟ್ಟಿಗೆಯಲ್ಲಿ ಅಲ್ಲಲ್ಲಿ ತಗ್ಗು ಬಿದ್ದಿತ್ತು. ಅದಕ್ಕೆ ಒದ್ದೆ ಬಟ್ಟೆ ಹಾಕಿ ಮೇಲೆ ಇಸ್ತ್ರಿ ಇಡಬೇಕಂತೆ. ಬಂದೂಕಿಗೆ ಇಸ್ತ್ರಿ! ನಕ್ಕೆ. ಇಟ್ಟಳು. ಚುಂಯ್ ಎಂದು ಉಗಿ ಬಂತು, ತಗ್ಗು ಉಬ್ಬಿ ಸಮವಾಯಿತು. ನಗು ನುಂಗಿಕೊಂಡೆ. ಆಮೇಲೆ ಪಾಲಿಶ್ ಪೇಪರ್ ಹಾಕಿ ತಿಕ್ಕಿದೆವು. ದಪ್ಪನೆಯದು ಮೊದಲು, ಸಣ್ಣದು ಕಡೆಗೆ. ಈ ಸಲ ಎಣ್ಣೆಯನ್ನು ಅಂಗೈಗೆ ಹಚ್ಚಿಕೊಂಡು ತಿಕ್ಕಿ, ಹಳೆಯ ಧೋತರದ ತುಂಡಿನಲ್ಲಿ ಒರೆಸಿ, ತಂತಿಗೆ ಕಟ್ಟಿ ಬಿಸಿಲಿಗೆ ತೂಗು ಹಾಕಿದೆವು. ನಮ್ಮ ದರಿಬಡಚಿ ಕಡೆ ಮತ್ತೇನಿಲ್ಲದಿದ್ದರೂ ಬಿಸಿಲಿಗೆ ಬರವಿಲ್ಲ. ಆರಿದ ಮೇಲೆ ಮತ್ತೊಂದು ಕೈ. ಮತ್ತೊಂದು.

ಬಣ್ಣ ಬಂತು ನೋಡಿ. ಹುರಿದ ಶೇಂಗಾದ ಬಣ್ಣ. ಒಳಗೆ ಕಪ್ಪು ಗೆರೆ, ಹೊಲದ ಸಾಲು ತಿರುಗಿದ ಹಾಗೆ ತಿರುಗಿದ್ದವು. ಇಷ್ಟು ವರ್ಷ ಇಂಥ ಕಟ್ಟಿಗೆಯ ಮೇಲೆ ಕುಂಕುಮ ಬಳಿದು ಬಳಿದು ಮುಚ್ಚಿದ್ದೆವು.

ಶೋಭಾ ಖಾಲಿ ಬಂದೂಕು ಜೋಡಿಸಿಕೊಂಡು ಬಂದು ಅಂಗಳದಲ್ಲಿ ಹಿಡಿದು ನಿಂತಳು.

ಜಾರಿತು.

ಮತ್ತೆ ಹಿಡಿದಳು. ಮತ್ತೆ ಜಾರಿತು. ಕೈ ದವಡೆಗೆ ಹೋಯಿತು. ಅವಳ ಮುಖ ನೋಡಲಾಗಲಿಲ್ಲ. ಇಷ್ಟು ದಿನ ಹೆರೆದದ್ದು, ತಿಕ್ಕಿದ್ದು ಎಲ್ಲ ಯಾತಕ್ಕಾಗಿ? “ನನಗ ಬಗಿಹರಿಯಂಗಿಲ್ಲ ಬಿಡ್ರಿ ಅತ್ತೀ. ಅವರಿಗಿ ಹೇಳ್ತೀನಿ, ಕುರಿ ಒಯ್ಯಬ್ಯಾಡ್ರಿ ಅಂತ.”

“ಬಾಯಿ ಮುಚ್ಚು. ಇನ್ನೊಮ್ಮಿ ಹಿಡಿ. ನಾ ನೋಡ್ತೀನಿ,” ಅಂದೆ.

ಪಕ್ಕದಿಂದ ನೋಡಿದೆ. ಶೋಭಾ ನನ್ನ ಕಿವಿ ಮಟ್ಟಕ್ಕೆ ಬರುತ್ತಾಳೆ. ಯಳವಿ ಊರಿನ ಅವಳ ತವರಿನವರೆಲ್ಲ ಹಾಗೇ, ಗಿಡ್ಡ ಆದರೆ ಗಟ್ಟಿ. ಬಟ್ಟನ್ನು ಭುಜಕ್ಕೆ ಒತ್ತಿದರೆ ಅವಳ ಬೆರಳು ಟ್ರಿಗರ್ ಮುಟ್ಟುವುದಿಲ್ಲ. ಬೆರಳು ಮುಟ್ಟಬೇಕೆಂದರೆ ಮೈ ತಿರುಗಿಸಬೇಕು. ಮೈ ತಿರುಗಿಸಿದರೆ ಬಟ್ ಭುಜ ಬಿಟ್ಟು ತೋಳಿಗೆ ಸರಿಯುತ್ತದೆ. ಜಿಡ್ಡೂ ಅಲ್ಲ, ಪಾಲಿಶೂ ಅಲ್ಲ. ಬಂದೂಕು ಉದ್ದ! ಬಾಗಿಲಿಗೆ ತಲೆ ಬಡಿಯುತ್ತಿದ್ದ ಗಂಡಸಿನ ಕೈಗೆ ಸರಿಯಾಗಿದ್ದ ಬಂದೂಕು ಇವಳಿಗೆ ಹೇಗೆ ಕೂರಬೇಕು?

ನಿಂತಲ್ಲೇ ನನಗೆ ನಮ್ಮ ಅಡಿಗೆಮನೆ ನೆನಪಾಯಿತು. ಹೊಸ ಕಟ್ಟೆ ಕಟ್ಟುವಾಗ ಗೌಂಡಿ ಎತ್ತರ ಎಷ್ಟಿರಲಿ ಎಂದು ಕೇಳಿದ. ಕೇಳಿದ್ದು ನಮ್ಮವರನ್ನು. ಅವರು ತಮ್ಮ ಸೊಂಟದ ಮೇಲೆ ಕೈ ಇಟ್ಟು ಇಷ್ಟಿರಲಿ ಅಂದರು. ಜನ್ಮದಲ್ಲಿ ಒಂದು ಕಪ್ ಚಹಾ ಕುದಿಸಿದವರಲ್ಲ. ಆ ಕಟ್ಟೆಯ ಮುಂದೆ ನಾನು ಮಣೆಯ ಮೇಲೆ ನಿಂತು ರೊಟ್ಟಿ ಬಡಿದೆ. ಈಗ ಶೋಭಾ ಮಣೆಯ ಮೇಲೆ ಮಣೆ ಇಟ್ಟು ಬಡಿಯುತ್ತಾಳೆ. ಒಮ್ಮೆಯೂ ನಮಗೆ ಕಟ್ಟೆ ಎತ್ತರವಾಯಿತು ಅನ್ನಿಸಲಿಲ್ಲ. ನಾವೇ ಗಿಡ್ಡ ಅಂದುಕೊಂಡೆವು.

ಹೇಳಿ ನೋಡೋಣ, ನಿಮ್ಮ ಮನೆಯಲ್ಲಿ ಹೇಗೆ? ನೀರಿನ ಟಾಕಿಯ ನಳ, ಬಟ್ಟೆ ಒಣಹಾಕುವ ತಂತಿ, ಮೆಂತ್ಯೆ ಸಾಸಿವೆ ಇಡುವ ಮೇಲಿನ ಫಳಿ?

“ಹಿಂದಿನ ಕಟ್ಟಿಗಿ ಎರಡ ಬೆರಳ ಕೊಯ್ಯೂಣು,” ಅಂದೆ.

ಶೋಭಾ ಹೆದರಿದಳು. ಕಟ್ಟಿಗೆಗೆ ಅಲ್ಲ, ಕಾಯ್ದೆಗೆ. ಠಾಣೆಗೆ ಹೋಗಿ ಕೇಳಿಕೊಂಡು ಬಂದಳು. ನಳಿಗೆ ಕೂದಲೆಳೆಯಷ್ಟು ಕೊಯ್ದರೂ ಜೈಲು, ಹಿಂದಿನ ಕಟ್ಟಿಗೆ ನಿಮ್ಮ ಅಳತೆಗೆ ಮಾಡಿಕೊಳ್ಳಿ ಅಂದರಂತೆ. ಕಾಯ್ದೆ ಒಪ್ಪಿತು. ಒಪ್ಪದವರು ಪಕ್ಕದ ಮನೆಯಲ್ಲಿದ್ದರು.

ಭಾವನವರಿಗೆ ತಿಳಿಯಿತು. ಬಂದರು. ಈ ಸಲ ಮೀಸೆ ಅಲುಗಲಿಲ್ಲ.

“ಕೆಂಪಿ, ನನ್ನ ತಮ್ಮನ ಬಂದೂಕಿಗಿ ಗರಗಸ ಹಚ್ಚತಾರಂತ. ಹಚ್ಚೂದಿದ್ರ ಮೊದಲ ನನ್ನ ಕುತಗಿಗಿ ಹಚ್ಚರಿ ಅಂತ ಹೇಳು.”

“ಕೆಂಪಿ, ಅವರ ಕುತಗಿ ಉದ್ದ ಇಲ್ಲಂತ ಹೇಳು. ಬಂದೂಕ ಉದ್ದ ಅದ.”

ಶೋಭಾ ಬಾಗಿಲ ಹಿಂದೆ ಸರಿದಳು. ನಗು ತಡೆಯಲೋ ಅಂಜಿಕೆಗೋ ಗೊತ್ತಿಲ್ಲ.

“ಅದು ಅವನ ಅಳತೀದು! ಅಂವ ಹೆಗಲಿಗಿ ಇಟ್ಟಿದ್ದು. ಹಂಗ ಇರಬೇಕು.”

“ಹೆಗಲಿಗಿ ಇಟ್ಟಾಂವ ಇಲ್ಲ ಈಗ.”

“ಪೂಜಿ ಮಾಡೂ ವಸ್ತು ಕೊಯ್ತಾರೇನ ಕೇಳು!”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸುತ್ತಿನಲ್ಲಿ ಕೊಡಲಿಗೆ ಕಾವು ಹಾಕುವುದರಲ್ಲಿ ಭಾವನವರ ಕೈ ಮೀರಿಸುವವರಿಲ್ಲ. ಕೊಡಲಿಯ ಹಿಡಿಕೆಗೆ ಕಾವು ಅನ್ನುತ್ತೇವೆ. ಯಾರು ಕಾವು ಕೇಳಿ ಬಂದರೂ ಮೊದಲು ತೋಳು ಚಾಚು ಅನ್ನುತ್ತಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದೇ ಕೊಯ್ಯುವುದು. ಗಂಡನ ಕೊಡಲಿ ಹೆಂಡತಿಗೆ ಬೇಕೆಂದು ಯಾರಾದರೂ ಕೇಳಿದರೆ ಬೈದು ಹೊಸ ಕಾವು ಹಾಕಿಕೊಡುತ್ತಾರೆ. ಒಬ್ಬರ ಕಾವಿನಲ್ಲಿ ಇನ್ನೊಬ್ಬರು ಕಡಿದರೆ ಕಾಲು ಹೋಗುತ್ತದೆ ಎಂದು. ನನ್ನ ಕಳೆ ಕೀಳುವ ಕುರ್ಪಿಯ ಹಿಡಿಯೂ ಅವರೇ ಮಾಡಿದ್ದು. ಆಡಿನ ಮುಖಾಂತರ ನನ್ನ ಅಂಗೈ ಅಳತೆ ಕೇಳಿ ಮಾಡಿದ್ದು.

ಅದನ್ನೇ ಕೆಂಪಿಗೆ ಹೇಳಿದೆ. “ಊರ ಮಂದಿಗೆಲ್ಲ ತೋಳ ಅಳದು ಕಾವ ಹಾಕ್ತಾರ. ಮನಿ ಸೊಸಿ ಹಲ್ಲ ಮುರಕೊಂಡ್ಳು, ಅಕಿ ತೋಳ ಯಾಕ ಅಳೀಲಿಲ್ಲ ಅಂತ ಕೇಳು.”

ಭಾವನವರ ಧ್ವನಿ ಸಣ್ಣಗಾಯಿತು. “ಅಂವ ನನ್ನ ತಮ್ಮ ಅಂತ ಹೇಳು, ಕೆಂಪಿ.”

ನನಗೆ ಗೊತ್ತಿಲ್ಲವೆ? ನನ್ನ ಗಂಡನೂ ಹೌದು. ಆದರೆ ಮಗ ಕುರಿ ಹೊಡೆಯುವ ದಿನ ಹತ್ತಿರ ಬಂದಿತ್ತು. ಅಳುವುದಕ್ಕೆ ವರ್ಷವಿಡೀ ಇದೆ.

“ತಮ್ಮ ಸತ್ತಾನ,” ಅಂದೆ. “ತ್ವಾಳ ಸತ್ತಿಲ್ಲ.”

ಹೊರಟು ಹೋದರು. ಎರಡು ದಿನ ಅಂಗಳಕ್ಕೆ ಬರಲಿಲ್ಲ. ಕೆಂಪಿಗೂ ಬೇಸರ ಬಂದಿರಬೇಕು.

ಮೂರನೆಯ ದಿನ ಬೆಳಿಗ್ಗೆ ಗರಗಸ, ಕಬ್ಬಿಣ ತಿಕ್ಕುವ ಕಾನಸು, ಒಂದು ತುಂಡು ಸುಣ್ಣದ ಕಡ್ಡಿ ಹಿಡಿದುಕೊಂಡು ಬಂದರು. ನನ್ನ ಕಡೆ ನೋಡಲಿಲ್ಲ. ಆಡಿನ ಕಡೆಯೂ ನೋಡಲಿಲ್ಲ. “ಶೋಭಾ, ಬಾರವ್ವಾ ಇಲ್ಲಿ. ತೋಳ ಚಾಚು,” ಅಂದರು.

ಬಟ್ಟನ್ನು ಅವಳ ಮೊಣಕೈಯ ಒಳಗೆ ಕೂರಿಸಿದರು. ಬೆರಳು ಎಲ್ಲಿಗೆ ಬರುತ್ತದೆ ನೋಡಿದರು. ಸೀರೆ ಸೆರಗು ಬೇರೆ, ಚಳಿಯಲ್ಲಿ ಸ್ವೆಟರ್ ಬೇರೆ, ಅದನ್ನು ಹಾಕಿಕೊಂಡು ಬಾ ಅಂದರು. (ಅದು ನನಗೆ ಹೊಳೆದಿರಲಿಲ್ಲ.) ಮತ್ತೆ ಅಳೆದರು. ಗೆರೆ ಎಳೆದರು. ತುದಿಯಲ್ಲಿದ್ದ ಕಬ್ಬಿಣದ ಪಟ್ಟಿ ಬಿಚ್ಚಿದರು. ಗರಗಸ ಇಡುವ ಮೊದಲು ಸ್ವಲ್ಪ ಹೊತ್ತು ಕುಂತರು. ಆಮೇಲೆ ಕೊಯ್ದರು, ಒಂದೇ ದಮ್ಮಿಗೆ, ನಡುವೆ ನಿಲ್ಲಿಸಿದರೆ ಮನಸ್ಸು ಬದಲಾಗುತ್ತದೆಯೋ ಎಂಬಂತೆ.

ಪಟ್ಟಿಯನ್ನು ಕಾನಸಿನಿಂದ ತಿಕ್ಕಿ ಹೊಸ ತುದಿಗೆ ಕೂರಿಸಿದರು. ಕೊಯ್ದ ಜಾಗಕ್ಕೆ ನಾನು ಎಣ್ಣೆ ಹಚ್ಚಿದೆ. ತೆಳ್ಳಗೆ. ಒರೆಸಿ.

ಖಂಡೆನವಮಿಯ ದಿನ ಪೂಜೆಗೆ ಮೊದಲು ಶೋಭಾ ಒಡ್ಡಿಗೆ ಒಂದು ಗುಂಡು ಹಾರಿಸಿ ನೋಡಿದಳು. ಭುಜದಲ್ಲಿ ಕೀಲು ಹೊಡೆದ ಹಾಗೆ ನಿಂತಿತ್ತು ಬಂದೂಕು. ಸಪ್ಪಳಕ್ಕೆ ಕೆಂಪಿ ಹಗ್ಗ ಹರಿದುಕೊಂಡು ಓಡಿತು.

“ಏ ಹಿಡೀ, ಹಿಡೀ ಅದನ್ನ!” ಭಾವನವರು ಕೂಗಿದರು, ನನಗೇ!

“ನೀವ ಹಿಡೀರಿ, ನಿಮ್ಮ ಕಡೀಗೇ ಹೊಂಟದ!” ನಾನೂ ಕೂಗಿದೆ, ಅವರಿಗೇ!

ಶೋಭಾ ಬಂದೂಕು ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು. ಆಡನ್ನು ಹಿಡಿದು ತಂದು ಮತ್ತೆ ಬೇವಿನ ಮರಕ್ಕೆ ಕಟ್ಟಿದೆವು. ಕಟ್ಟಿದ ಮೇಲೆ ಭಾವನವರು ಅದರ ಕಡೆ ತಿರುಗಿ ಅಂದರು, “ಕೆಂಪಿ, ಚಾ ಮಾಡ್ತಾರೇನ ಕೇಳು.” ಪದ್ಧತಿ ಅಂದರೆ ಪದ್ಧತಿ.

ದೀಪಾವಳಿ ಮುಗಿಸಿ ಮಗ ಕುರಿ ಹೊಡೆದುಕೊಂಡು ಹೋದ. ಹೋದ ವಾರ ನಸುಕಿನಲ್ಲಿ ತೋಳ ಬಂತು. ಮರಿಗಳು ಒದರಿದವು. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಶೋಭಾ ಸ್ವೆಟರ್ ಹಾಕಿಕೊಂಡು ಅಂಗಳದಲ್ಲಿದ್ದಳು. ಒಡ್ಡಿಗೆ ಒಂದು ಗುಂಡು. ತೋಳ ನಿಂತು ತಿರುಗಿ ನೋಡಿತು, ಹೋದ ವರ್ಷದ ಹಾಗೆ. ಆಗ ಎರಡನೆಯದು. ಮತ್ತೆ ಅದು ನಿಂತು ನೋಡಲಿಲ್ಲ. ಮರಿಗಳೆಲ್ಲ ಇದ್ದವು. ಅವಳ ಹಲ್ಲೂ ಇದ್ದವು. ಅವಳು ಬಂದೂಕು ಖಾಲಿ ಮಾಡಿ ತಿಜೋರಿಗೆ ಇಟ್ಟು, ಮಣೆಯ ಮೇಲೆ ಮಣೆ ಹಾಕಿಕೊಂಡು ಚಹಾ ಕುದಿಸಿದಳು.

ಗೌಂಡಿಗೆ ಹೇಳಿ ಕಳಿಸಿದ್ದೇನೆ. ಅಡಿಗೆ ಕಟ್ಟೆ ಒಡೆಯುವುದಿದೆ.

ಹಾಂ, ಕೊಯ್ದ ಆ ತುಂಡು. ಎರಡು ಬೆರಳು ದಪ್ಪ, ಅಂಗೈಯಗಲ. ನಾನು ಒಲೆಗೆ ಹಾಕೋಣ ಅಂದುಕೊಂಡಿದ್ದೆ. ಭಾವನವರು ಕೆಂಪಿಗೆ ಹೇಳಿ ಕೇಳಿ ಪಡೆದುಕೊಂಡರು. ತಮ್ಮನ ಹೆಗಲು ತಾಗಿದ್ದು ಅದೇ ಅಂತೆ. ಈಗ ಅವರ ದೇವರ ಜಗಲಿಯ ಮೇಲಿದೆ. ದಿನಾ ಎಣ್ಣೆ, ಭಂಡಾರ, ಕುಂಕುಮ. ಆಗಲೇ ಕಪ್ಪಾಗುತ್ತಾ ಬಂದಿದೆ.

ಮಾಡಲಿ. ಪೂಜೆಗೆ ಎಷ್ಟು ಬೇಕೋ ಅಷ್ಟು ಕೊಯ್ದು ಕೊಟ್ಟಿದ್ದೇವೆ, ಉಳಿದದ್ದು ಕೆಲಸಕ್ಕೆ ಬೇಕಿತ್ತು.